ಇಪ್ಪತ್ತೇಳರ ಪಕ್ಕದ ಚಪ್ಪಲಿ

"ಅತ್ತಿಗೆ, ಉಸಿರು ಸ್ವಲ್ಪ ಆ ಕಡೆ ಬಿಡಿ. ಧೂಳು ಹಾರುತ್ತೆ."

"ನನಗಿರೋದು ಒಂದೇ ಮೂಗು ಕಣೇ. ಅದು ಚಪ್ಪಲಿ ಕಡೆಗೇ ಇದೆ. ಏನ್ ಮಾಡ್ಲಿ?"

ಅರವತ್ತು ದಾಟಿದ ಹೆಂಗಸು ನಾನು, ಬೆಳಿಗ್ಗೆ ಒಂಬತ್ತು ಗಂಟೆಗೆ ಮ್ಯೂಸಿಯಮ್ಮಿನ ಮೂರನೇ ಕೋಣೆಯ ನೆಲದ ಮೇಲೆ ಬೋರಲು ಮಲಗಿದ್ದೆ. ತಲೆಯ ಹತ್ತಿರ ಕೈಗವಸು ಹಾಕಿಕೊಂಡು ನಿಂತು ನನ್ನ ಉಸಿರಿಗೂ ಲೆಕ್ಕ ಕೇಳುತ್ತಿದ್ದವಳು ನನ್ನ ನಾದಿನಿ. ಈ ಮ್ಯೂಸಿಯಮ್ಮಿಗೆ ಬರುವ ಪ್ರತಿಯೊಂದು ವಸ್ತುವಿನ ಆರೈಕೆ ಅವಳದು. ಅರವತ್ತೊಂದು ಚಪ್ಪಲಿ ಇರಬೇಕಾದ ಕೋಣೆಯಲ್ಲಿ ನಿನ್ನೆ ಸಂಜೆ ಅರವತ್ತೆರಡು ಕಂಡವೆಂದು ನನ್ನನ್ನು ಕರೆಸಿದವಳೂ ಅವಳೇ.

ಮ್ಯೂಸಿಯಮ್ಮಿನಲ್ಲಿ ಒಂದು ವಸ್ತು ಕಳುವಾದರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ಗಂಟೆ ಬಾರಿಸುತ್ತಾರೆ, ಬಾಗಿಲು ಹಾಕುತ್ತಾರೆ, ಪೊಲೀಸರು ಬರುತ್ತಾರೆ. ಒಂದು ವಸ್ತು ಹೆಚ್ಚಾದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ನಾನು ಬೇಕಾದೆ. ರೈಲ್ವೆಯ ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು. ಪೊಲೀಸರು ವಸ್ತು ಎಲ್ಲಿ ಹೋಯಿತೆಂದು ಹುಡುಕುತ್ತಾರೆ. ನಾನು ವಸ್ತುವನ್ನು ಕೈಯಲ್ಲಿಟ್ಟುಕೊಂಡು ಅದರ ಮನುಷ್ಯ ಎಲ್ಲಿ ಹೋದನೆಂದು ಹುಡುಕುತ್ತಿದ್ದೆ.

ಕೋಣೆಯಲ್ಲಿ ಕಪ್ಪು ಬಣ್ಣ ಬಳಿದ ಉದ್ದನೆಯ ಹಲಗೆಗಳು ಆರು. ಹಲಗೆಗೆ ಹತ್ತರಂತೆ ಎಡಗಾಲಿನ ಚಪ್ಪಲಿಗಳು, ಬಾಗಿಲ ಬಳಿ ಒಂಟಿಯಾಗಿ ಒಂದು. ಹನ್ನೊಂದು ವರ್ಷದ ಹಿಂದೆ ಈ ಊರಿನ ಬಣ್ಣದ ಕಾರ್ಖಾನೆಯೊಂದು ಸುಟ್ಟುಹೋಯಿತು. ಚಪ್ಪಲಿಯ ಮೊಳೆ ನೆಲಕ್ಕೆ ತಾಗಿ ಕಿಡಿ ಹಾರಬಾರದೆಂದು ಅಲ್ಲಿನ ಕೆಲಸಗಾರರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಿತ್ತು. ಹೋದವರಲ್ಲಿ ಅರವತ್ತೊಂದು ಜನ ಬರಲಿಲ್ಲ. ಬಾಗಿಲಲ್ಲಿದ್ದ ಚಪ್ಪಲಿಗಳು ಮಾತ್ರ ಉಳಿದವು. ಒಬ್ಬ ಕಲಾವಿದೆ ಮನೆಮನೆಗೆ ಹೋಗಿ, ಕೈಮುಗಿದು, ಒಂದೊಂದೇ ಎಡಗಾಲಿನದನ್ನು ಕೇಳಿ ತಂದು ಹೀಗೆ ಜೋಡಿಸಿದ್ದಳು. ಬಲಗಾಲಿನವು ಅವರವರ ಮನೆಯಲ್ಲೇ ಉಳಿದಿದ್ದವು. ಚಪ್ಪಲಿಗಳ ನಂಬರಿಗೆ ಸರಿಯಾಗಿ ಸತ್ತವರ ಹೆಸರುಗಳು ಗೋಡೆಯ ಮೇಲಿದ್ದವು.

ನಾನು ಹೊಸ ಕಾಲದ ಕಲೆಯ ಬಗ್ಗೆ ಗೇಲಿ ಮಾಡುವವಳು. ಹೋದ ವರ್ಷ ಇದೇ ಮ್ಯೂಸಿಯಮ್ಮಿನಲ್ಲಿ ಒಂದು ಬಕೆಟ್ ನೀರನ್ನು ಇಪ್ಪತ್ತು ನಿಮಿಷ ನೋಡಿ, ಮನೆಗೆ ಹೋಗಿ ನನ್ನ ಬಚ್ಚಲಿನ ಬಕೆಟ್ಟಿಗೆ ನಮಸ್ಕಾರ ಮಾಡಿದ್ದೆ. ಈ ಕೋಣೆಗೆ ಬಂದ ಮೇಲೆ ಮಾತ್ರ ನಾಲಿಗೆ ತಾನಾಗಿ ಒಳಗೆ ಹೋಯಿತು.

"ಹನ್ನೊಂದಕ್ಕೆ ಅವರು ಬರ್ತಾರೆ," ನಾದಿನಿ ಗಡಿಯಾರ ನೋಡಿದಳು. ಅವರೆಂದರೆ ಕಲಾವಿದೆ. "ಪಟ್ಟಿಯಲ್ಲಿ ಇಲ್ಲದ ಒಂದು ವಸ್ತು ಸೇರಿದ್ರೂ ಎಲ್ಲಾ ಬಿಚ್ಚಿ ವಾಪಸ್ ಕಳಿಸಬೇಕು ಅಂತ ಕರಾರಿದೆ. ಡೈರೆಕ್ಟರ್ ಆಗ್ಲೇ ಕರಿ ಚೀಲ ತರಿಸಿಟ್ಕೊಂಡಿದಾರೆ. ಹೆಚ್ಚಿಂದು ಯಾರದು ಅಂತ ಅಷ್ಟರಲ್ಲಿ ಗೊತ್ತಾಗದೆ ಇದ್ರೆ ಅದು ಕಸಕ್ಕೆ, ಈ ಕೋಣೆ ಕಾಯೋ ಕುರ್ಚಿಯಮ್ಮ ಮನೆಗೆ."

"ನಿಂಗೆ ಯಾರ ಚಿಂತೆ? ಚಪ್ಪಲಿದೋ, ಕುರ್ಚಿಯಮ್ಮಂದೋ?"

"ಇಬ್ಬರದೂ," ಎಂದಳು. ನಮ್ಮ ಮನೆಯಲ್ಲಿ ಸುಳ್ಳು ಹೇಳಲು ಬಾರದವಳು ಇವಳೊಬ್ಬಳೇ.

ನಾನು ಹಲಗೆಯ ಮೇಲೆ ಓರೆಯಾಗಿ ಟಾರ್ಚು ಬಿಟ್ಟೆ. ಧೂಳು ಒರೆಸಬಾರದೆಂಬುದು ಕಲಾವಿದೆಯ ಇನ್ನೊಂದು ನಿಯಮ. ನನ್ನಂಥವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಪ್ರದರ್ಶನ ಶುರುವಾಗಿ ಹನ್ನೆರಡು ದಿನ. ಚಪ್ಪಲಿಯ ಅಡಿ ಬಿಟ್ಟು ಎಲ್ಲ ಕಡೆ ತೆಳ್ಳಗೆ ಧೂಳು ಕೂತಿತ್ತು. ಮೂರನೇ ಹಲಗೆಯಲ್ಲಿ ಇಪ್ಪತ್ತೇಳರವರೆಗೆ ಎಲ್ಲ ಸರಿಯಾಗಿತ್ತು. ಆಮೇಲಿನ ಮೂರು ಚಪ್ಪಲಿಗಳ ಪಕ್ಕದಲ್ಲಿ ಧೂಳು ಕಡಿಮೆಯಿದ್ದ ಪಾದದಾಕಾರಗಳು ಅರ್ಧರ್ಧ ಇಣುಕುತ್ತಿದ್ದವು.

"ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಈ ಮೂರನ್ನ ಸರಿಸಿದಾರೆ," ಎಂದೆ. "ಮಧ್ಯೆ ಇದಕ್ಕೆ ಜಾಗ ಮಾಡಿದಾರೆ. ಬಿಟ್ಟ ಜಾಗದ ಮೇಲೂ ಒಂಚೂರು ಧೂಳು ಬಿದ್ದಿದೆ. ಅಂದ್ರೆ ನಿನ್ನೆ ಇಟ್ಟಿದ್ದಲ್ಲ, ಮೂರು ದಿನ ಆಗಿದೆ."

"ಮೂರು ದಿನ ಯಾರೂ ನೋಡ್ಲಿಲ್ವಾ?"

"ನೀನು ನೋಡಿದ್ಯಾ?"

ಅವಳು ಕೈಗವಸನ್ನು ಮೇಲಕ್ಕೆಳೆದುಕೊಂಡಳು.

ಸಂಶಯಕ್ಕೆ ಜನ ಹೆಚ್ಚಿರಲಿಲ್ಲ. ನೋಡಲು ಬಂದವರು ಚೀಲವನ್ನು ಬಾಗಿಲಲ್ಲೇ ಕೊಟ್ಟು ಬರಬೇಕು. ಒಂದು ಚಪ್ಪಲಿಯನ್ನು ಸೆರಗಿನಲ್ಲೋ ಜೇಬಿನಲ್ಲೋ ತಂದು, ಮೂರನ್ನು ಸರಿಸಿ, ಜೋಡಿಸಿ ಹೋಗುವಷ್ಟು ಪುರುಸೊತ್ತು ಹೊರಗಿನವರಿಗೆ ಸಿಗುವುದಿಲ್ಲ. ಕ್ಯಾಮೆರಾ ಬಾಗಿಲನ್ನಷ್ಟೇ ನೋಡುತ್ತದೆ. ಉಳಿದವರು ಮೂವರು: ಕೀಲಿಕೈ ಇರುವ ನಾದಿನಿ, ಹಲಗೆ ಜೋಡಿಸಿದ ಬಡಗಿ, ದಿನವಿಡೀ ಇಲ್ಲೇ ಕೂರುವ ಕುರ್ಚಿಯಮ್ಮ.

ನಾದಿನಿಯನ್ನು ಬಿಟ್ಟುಬಿಟ್ಟೆ. ಸಂಬಂಧದ ಮುಲಾಜಿಗಲ್ಲ. ಹೊರಗಿನಿಂದ ಬಂದ ಚರ್ಮದ ವಸ್ತುವನ್ನು ಹುಳ ಸಾಯಲೆಂದು ಅವಳು ಎಂಟು ದಿನ ಫ್ರೀಜರಿನಲ್ಲಿಡುತ್ತಾಳೆ. ಈ ಚಪ್ಪಲಿ ಫ್ರೀಜರ್ ಕಂಡಿಲ್ಲವೆಂದು ಗೊತ್ತಾದಾಗಿನಿಂದ ಅವಳಿಗೆ ಮೈಯೆಲ್ಲ ತುರಿಕೆ. ಬಡಗಿಯನ್ನೂ ಬಿಟ್ಟೆ. ಅವನು ಚಪ್ಪಲಿಗಳ ನಡುವಿನ ಅಂತರಕ್ಕೆ ಒಂದು ಮರದ ತುಂಡು ಇಟ್ಟುಕೊಂಡಿದ್ದಾನೆ, ಎಲ್ಲ ಕಡೆ ಅದೇ ಅಳತೆ. ಇಲ್ಲಿ ಮಾತ್ರ ಅಂತರ ಕಡಿಮೆ. ನನ್ನ ಗೇಣು ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಹೆಂಗಸಿನ ಗೇಣು.

ಹೆಚ್ಚಿನ ಚಪ್ಪಲಿಗೂ ಉಳಿದವುಗಳಂತೆಯೇ ಬಿಳಿ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಚೀಟಿಯಲ್ಲಿ ನಂಬರ್ ಇರಲಿಲ್ಲ.

ಇನ್ನೊಂದು ಸಂಗತಿ ಇತ್ತು. ಅರವತ್ತೊಂದೂ ಹೇಗೆ ಸಿಕ್ಕವೋ ಹಾಗೇ ಇದ್ದವು: ಮಸಿ, ಕೆಸರು, ಒಣಗಿ ಬಿರಿದ ಚರ್ಮ. ಇದೊಂದಕ್ಕೆ ಪಾಲಿಶ್ ಹಾಕಿತ್ತು. ಬಟ್ಟೆಯಿಂದ ಉಜ್ಜಿದ ಪಾಲಿಶ್, ಬಾರಿನ ಸಂದಿಯಲ್ಲೂ ಬೆರಳಿಟ್ಟು ಉಜ್ಜಿದ್ದು. ಕೆಡಿಸಲೆಂದು ಬಂದವರು, ತಮಾಷೆಗೆಂದು ಬಂದವರು ಇಷ್ಟು ಚೆನ್ನಾಗಿ ಪಾಲಿಶ್ ಮಾಡುವುದಿಲ್ಲ. ನೆಂಟರ ಮನೆಗೆ ಕಳಿಸುವ ಮುಂಚೆ ಮಗುವಿನ ತಲೆ ಬಾಚುತ್ತೇವಲ್ಲ, ಹಾಗೆ ಯಾರೋ ಇದನ್ನು ಸಜ್ಜು ಮಾಡಿ ಕಳಿಸಿದ್ದರು.

"ತಿರುಗಿಸಿ ತೋರಿಸು," ಎಂದೆ.

ನಾದಿನಿ ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದಳು. ಹಿಮ್ಮಡಿಯ ಹೊರಮಗ್ಗುಲು ಸವೆದು ಇಳಿಜಾರಾಗಿತ್ತು. ಒಳಗೆ ಬೆರಳುಗಳ ಅಚ್ಚು ಕಪ್ಪಾಗಿ ಕೂತಿತ್ತು. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ. ಎಡಗಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುವ ಮನುಷ್ಯ.

"ಈಗ ಇಪ್ಪತ್ತೇಳು."

"ಅದು ಯಾಕೆ ಅತ್ತಿಗೆ?"

"ಅಷ್ಟು ಜಾಗ ಇದೆ ಕೋಣೇಲಿ. ಕೊನೇಲಿ ಇಟ್ಟಿದ್ರೆ ಮೂರು ಚಪ್ಪಲಿ ಸರಿಸೋ ಕಷ್ಟ ಇರ್ಲಿಲ್ಲ. ಇದರ ಪಕ್ಕನೇ ಯಾಕೆ ಬೇಕಿತ್ತು?"

ಅವಳು ಇಪ್ಪತ್ತೇಳನ್ನು ಎತ್ತಿ ತಿರುಗಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಆಮೇಲೆ ಎರಡನ್ನೂ ಅಕ್ಕಪಕ್ಕ ಹಿಡಿದಳು.

ಅದೇ ಇಳಿಜಾರು. ಅದೇ ಉದ್ದ ಬೆರಳು. ಕಿರುಬೆರಳು ಅಂಚು ದಾಟಿ ಹೊರಗೆ ಬಂದ ಗುರುತು ಕೂಡ ಅದೇ. ರೈಲಿನಲ್ಲಿ ಜನ ಬಿಟ್ಟುಹೋದ ಚಪ್ಪಲಿಗಳನ್ನು ಸಾವಿರಗಟ್ಟಲೆ ನೋಡಿದ್ದೇನೆ. ಒಂದೇ ಅಂಗಡಿಯ, ಒಂದೇ ಅಳತೆಯ ಎರಡು ಚಪ್ಪಲಿಗಳನ್ನೂ ಇಬ್ಬರು ಒಂದೇ ತರಹ ಸವೆಸಲಾರರು. ಇವೆರಡನ್ನೂ ಸವೆಸಿದ್ದು ಒಂದೇ ಪಾದ.

"ಇಪ್ಪತ್ತೇಳು ಯಾರದು?"

ನಾದಿನಿ ಕಡತ ತೆರೆದಳು. "ಕಾರ್ಖಾನೆಯ ಖಾಯಂ ಕೆಲಸಗಾರ. ಹೆಂಡತಿ ಕೊಟ್ಟಿದ್ದು." ಅವಳು ತಾನೇ ಬರೆದಿದ್ದನ್ನು ಓದಿದಳು. ಯಾವ ವಸ್ತು ಬಂದರೂ ಅದರ ಗೀರು, ಕಲೆ, ಬಿರುಕು ಎಲ್ಲ ಬರೆದಿಡುವುದು ಅವಳ ಕೆಲಸ. "ಎಡಗಾಲು, ಚರ್ಮ, ಹೆಬ್ಬೆರಳಿನ ಪಟ್ಟಿ ಸಡಿಲ. ಬಾರಿಗೆ ಕೈಹೊಲಿಗೆ, ಹಸಿರು ದಾರ."

ಹಸಿರು ದಾರ. ಚಪ್ಪಲಿ ಹೊಲಿಯುವವರು ಯಾರೂ ಹಸಿರು ದಾರ ಇಟ್ಟುಕೊಳ್ಳುವುದಿಲ್ಲ. ಅದು ಮನೆಯ ಸೂಜಿ ಡಬ್ಬಿಯ ದಾರ.

ನಾನು ನಾದಿನಿಯ ಕೈ ಹಿಡಿದು ಎದ್ದೆ. ಎದ್ದು ನಿಂತಾಗ ಕುರ್ಚಿ ಕಣ್ಣಿಗೆ ಬಿತ್ತು. ಕಾವಲಿನವರು ಬಾಗಿಲು ಕಾಣುವಂತೆ ಕೂರಬೇಕೆಂಬುದು ನಿಯಮ. ಬಾಗಿಲ ಪಕ್ಕದ ನೆಲದಲ್ಲಿ ಕುರ್ಚಿಯ ರಬ್ಬರ್ ಕಾಲುಗಳ ಹಳೆಯ ಗುರುತು ನಾಲ್ಕು ಇದ್ದವು. ಕುರ್ಚಿ ಅಲ್ಲಿರಲಿಲ್ಲ. ಅದು ಒಳಗಿನ ಮೂಲೆಯಲ್ಲಿತ್ತು. ಅಲ್ಲಿ ಕೂತರೆ ಬಾಗಿಲು ಬೆನ್ನಿಗೆ ಬರುತ್ತದೆ, ಮೂರನೇ ಹಲಗೆ ನೇರ ಎದುರಿಗೆ ಬರುತ್ತದೆ.

"ಕುರ್ಚಿಯಮ್ಮನ್ನ ಕರಿ," ಎಂದೆ. "ಡೈರೆಕ್ಟರಿಗೆ ಇನ್ನೂ ಹೇಳ್ಬೇಡ."

ಹೇಳದಿದ್ದರೂ ಡೈರೆಕ್ಟರ್ ಬಂದೇ ಬಂದರು, ಕೈಯಲ್ಲಿ ಕರಿ ಚೀಲ. ಅವರಿಗೆ ಇಲ್ಲಿನವರು ಇಸ್ತ್ರಿ ಎಂದು ಹೆಸರಿಟ್ಟಿದ್ದಾರೆ. ಕೂತರೂ ನಿಂತರೂ ಶರ್ಟಿನ ಗೆರೆ ಮಾಸುವುದಿಲ್ಲ.

"ಏನಾದ್ರೂ ಗೊತ್ತಾಯ್ತಾ ಮೇಡಂ? ಹತ್ತು ಗಂಟೆ ಆಯ್ತು."

"ಗೊತ್ತಾಗ್ತಾ ಇದೆ. ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಬರ್ಬೇಡಿ. ಮಾತಾಡ್ಲೂಬೇಡಿ."

ಅವರಿಗೆ ಹಾಗೆ ಹೇಳುವವರು ಯಾರೂ ಇರಲಿಲ್ಲವೋ ಏನೋ, ಬಾಗಿಲಲ್ಲೇ ನಿಂತರು.

ಕುರ್ಚಿಯಮ್ಮ ಬಂದಳು. ನಲವತ್ತೈದರ ಹತ್ತಿರದ ವಯಸ್ಸು, ನೀಲಿ ಸಮವಸ್ತ್ರ, ಕೊರಳಲ್ಲಿ ಗುರುತಿನ ಚೀಟಿ. ನಾಲ್ಕು ವರ್ಷದಿಂದ ಈ ಮ್ಯೂಸಿಯಮ್ಮಿನಲ್ಲಿ ಇದ್ದಾಳೆ. ಜನ ಚಿತ್ರ ನೋಡುತ್ತಾರೆ, ಪಕ್ಕದಲ್ಲಿ ಕೂತ ಅವಳನ್ನು ನೋಡುವುದಿಲ್ಲ. ಒಳಗೆ ಬಂದವಳು ಮೊದಲು ಹಲಗೆಯ ಕಡೆ ನೋಡಿದಳು. ಚಪ್ಪಲಿ ಇನ್ನೂ ಅಲ್ಲೇ ಇರುವುದು ಕಂಡು ಅವಳ ಭುಜ ಇಳಿಯಿತು.

"ಕೂತ್ಕೊಳ್ಳಿ," ಎಂದೆ.

"ಪರವಾಗಿಲ್ಲ ಮೇಡಂ, ನಿಂತಿರ್ತೀನಿ."

"ದಿನಾ ಕೂರೋ ಕುರ್ಚಿ. ನನಗೋಸ್ಕರ ಯಾಕೆ ನಿಲ್ತೀರಿ? ನಾನು ನೆಲದ ಮೇಲೇ ಕೂರ್ತೀನಿ, ನಂಗೆ ಇವತ್ತು ನೆಲದ ಋಣ ಇದೆ."

ಅವಳು ಕೂತಳು. ನಾನು ಅವಳ ಕಾಲ ಬಳಿ ಕೂತೆ. ಎದುರಿಗೆ ಎರಡು ಚಪ್ಪಲಿ.

"ಪಾಲಿಶ್ ಚೆನ್ನಾಗಿ ಮಾಡಿದೀರಿ," ಎಂದೆ.

ಅವಳು ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಳು.

"ಅದೊಂದೇ ತಪ್ಪು ಮಾಡಿದ್ದು ನೀವು. ಚೀಟಿ ಸರಿ, ದಾರ ಸರಿ, ಜಾಗನೂ ನೋಡಿ ಮಾಡಿದೀರಿ. ಆದ್ರೆ ಉಳಿದಿದ್ದೆಲ್ಲ ಮಸಿಯಾಗಿರೋವಾಗ ಇದೊಂದು ಹೊಳೀತಾ ಇದೆ."

"ಹಾಗೇ ಇಡ್ಬೇಕು ಅಂತ ನಂಗೂ ಗೊತ್ತಿತ್ತು," ಅವಳು ಮೆಲ್ಲಗೆ ಹೇಳಿದಳು. "ಆಗ್ಲಿಲ್ಲ ಮೇಡಂ. ಇಷ್ಟು ಜನ ಬಂದು ನೋಡ್ತಾರೆ. ಅವನ ಚಪ್ಪಲಿ ಕೊಳಕಾಗಿದ್ರೆ ಏನಂದ್ಕೊಳ್ತಾರೆ."

ಬಾಗಿಲಲ್ಲಿ ಡೈರೆಕ್ಟರ್ ಏನೋ ಹೇಳಲು ಬಾಯಿ ತೆರೆದರು. ನಾದಿನಿ ಅವರ ಕಡೆ ನೋಡಿದ ರೀತಿಗೆ ಬಾಯಿ ಮುಚ್ಚಿದರು.

"ಯಾರು ಅವನು?"

"ನನ್ನ ತಮ್ಮ."

"ಇಪ್ಪತ್ತೇಳನೇದೂ ಅವನದೇ."

ಅವಳು ತಟ್ಟನೆ ನನ್ನ ಕಡೆ ತಿರುಗಿದಳು. ಹನ್ನೊಂದು ವರ್ಷದಿಂದ ಯಾರೂ ಹೇಳದ ಮಾತನ್ನು ನಾನು ಹೇಳಿಬಿಟ್ಟಿದ್ದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಆ ಹಸಿರು ದಾರ ನಂದು," ಎಂದಳು. "ಬಾರು ಕಿತ್ತುಹೋಗಿತ್ತು, ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದ. ನಾನು ರವಿಕೆ ಹೊಲೀತಾ ಇದ್ದೆ, ಅದೇ ದಾರದಲ್ಲಿ ಹಾಕ್ಕೊಟ್ಟೆ. ಚಪ್ಪಲಿಗೂ ರವಿಕೆ ಹೊಲಿದುಬಿಟ್ಯಾ ಅಂತ ನಕ್ಕಿದ್ದ. ಇಲ್ಲಿ ಪ್ರದರ್ಶನ ಶುರುವಾದ ಮೂರನೇ ದಿನ, ಮಧ್ಯಾಹ್ನ ಯಾರೂ ಇರ್ಲಿಲ್ಲ. ಸುಮ್ನೆ ಸಾಲು ನೋಡ್ತಾ ಹೋದೆ. ಇಪ್ಪತ್ತೇಳರ ಹತ್ರ ಬಂದಾಗ ನನ್ನ ಹೊಲಿಗೆ ಕಾಣಿಸ್ತು."

"ಗೋಡೆ ಮೇಲೆ ಆ ನಂಬರಿಗೆ ಹೆಸರು ಬೇರೆಯವರದು."

"ಅವನು ಬದಲಿ ಮೇಡಂ. ಖಾಯಂ ಇರಲಿಲ್ಲ. ಯಾರಾದ್ರೂ ಖಾಯಂನವರು ಬರ್ದೇ ಇದ್ರೆ ಅವರ ಹಾಜರಿ ಕಾರ್ಡ್ ಒತ್ತಿ ಒಳಗೆ ಹೋಗ್ತಿದ್ದ. ಅವರದೇ ನಂಬರಿನ ಗೂಡಲ್ಲಿ ಚಪ್ಪಲಿ ಬಿಡೋನು. ಮೇಲಿನವರಿಗೆಲ್ಲ ಗೊತ್ತಿತ್ತು, ಯಾರೂ ಕೇಳ್ತಿರಲಿಲ್ಲ. ಬೆಂಕಿ ಬಿದ್ದ ಮೇಲೆ ಕಾರ್ಡ್ ನೋಡಿ ಹೆಸರು ಬರೆದ್ರು. ಗೂಡಿನ ನಂಬರ್ ನೋಡಿ ಚಪ್ಪಲಿ ಹಂಚಿದ್ರು."

ಸುಟ್ಟುಹೋದವರ ಮುಖದ ಗುರುತು ಸಿಗದಿದ್ದಾಗ ಕಾರ್ಡೇ ಮನುಷ್ಯನಾಯಿತು. ಆ ಕಾರ್ಡಿನಲ್ಲಿ ಅವನಿರಲಿಲ್ಲ.

"ಆಗ ಹೋಗಿ ಕೇಳಲಿಲ್ವಾ?"

"ಕೇಳದೆ ಇರ್ತೀನಾ? ಕಾರ್ಖಾನೆ ಆಫೀಸಿಗೆ ಹೋದೆ, ಪೊಲೀಸ್ ಸ್ಟೇಷನ್ನಿಗೆ ಹೋದೆ. ನಿಮ್ಮ ತಮ್ಮ ಅವತ್ತು ಕೆಲಸಕ್ಕೇ ಬಂದಿಲ್ಲ, ಎಲ್ಲಾದ್ರೂ ಓಡಿಹೋಗಿರ್ತಾನೆ, ಬರ್ತಾನೆ ಬಿಡಿ ಅಂದ್ರು. ಯಾವ ಕಾರ್ಡಲ್ಲಿ ಹೋಗಿದ್ದ ಅಂತ ನಂಗೆ ಗೊತ್ತಿರ್ಲಿಲ್ಲ. ಬಾಯಲ್ಲಿ ಹೇಳಿದ್ದನ್ನ ಯಾರೂ ಬರ್ಕೊಳ್ಳಲಿಲ್ಲ."

ಅವಳು ನಾದಿನಿಯ ಕೈಯಲ್ಲಿದ್ದ ಕಡತ ತೋರಿಸಿದಳು.

"ಇಲ್ಲಿ ಬರ್ಕೊಳ್ತಾರೆ. ನಾಲ್ಕು ವರ್ಷದಿಂದ ನೋಡಿದೀನಿ. ಒಂದು ಎಳೆ ದಾರ ಬಿದ್ದಿದ್ರೂ ಈಯಮ್ಮ ಎತ್ತಿ, ಎಲ್ಲಿಂದ ಬಂತು, ಯಾರದು ಅಂತ ಬರೆದಿಡ್ತಾರೆ. ಅದಕ್ಕೇ ತಂದಿಟ್ಟೆ. ಇದು ಯಾರದು ಅಂತ ಯಾರಾದ್ರೂ ಕೇಳಲೇಬೇಕಾಗುತ್ತೆ ಅಂತ."

ನನ್ನ ನಾದಿನಿ ಮುಖ ಆಚೆ ತಿರುಗಿಸಿಕೊಂಡಳು. ನಿನ್ನೆ ಸಂಜೆಯೇ ಅವಳು ಆ ಚಪ್ಪಲಿಯ ಬಗ್ಗೆ ಒಂದು ಪುಟ ಬರೆದಿದ್ದಳು. ಅದು ಕಸವಾಗಲಿದೆಯೆಂದು ತಿಳಿದೂ ಬರೆದಿದ್ದಳು, ಯಾಕೆಂದರೆ ಬರೆಯುವುದೇ ಅವಳ ಅಭ್ಯಾಸ. ನನಗೆ ಅವಳ ಮೇಲೆ ಹೆಮ್ಮೆಯಾಯಿತು. ಹಬ್ಬಕ್ಕೂ ಹುಣ್ಣಿಮೆಗೂ ನಾನು ಗೇಲಿ ಮಾಡುತ್ತಿದ್ದ ಅಭ್ಯಾಸ ಅದು.

"ಹೇಳ್ಬಹುದಿತ್ತಲ್ಲ ಅಕ್ಕ, ನಂಗೆ," ನಾದಿನಿ ಹೇಳಿದಳು. "ನಾನು ನಿಮ್ಮ ಎದುರೇ ಓಡಾಡ್ತಿರ್ತೀನಿ."

"ಮುಟ್ಟಬಾರದ್ದನ್ನ ಮುಟ್ಟಿದೀನಿ ಅಂತ ಹೇಗಮ್ಮ ಹೇಳ್ಲಿ."

ಡೈರೆಕ್ಟರ್ ಕೆಮ್ಮಿದರು. ಕರಿ ಚೀಲವನ್ನು ಮಡಚಿ, ಮತ್ತೆ ಮಡಚಿ, ಜೇಬಿಗೆ ತುರುಕಿಕೊಂಡರು. ಶರ್ಟಿನ ಗೆರೆ ಮೊದಲ ಬಾರಿಗೆ ಕೆಟ್ಟಿತು.

"ಆಮೇಲೆ?" ಎಂದೆ. "ಇಷ್ಟೇ ಅಲ್ಲ ಅಲ್ವಾ? ಅವನ ಹೆಸರು ಪಟ್ಟಿಯಲ್ಲಿ ಬರ್ಬೇಕು, ಸರಿ. ಆದ್ರೆ ನೀವು ಈ ಕುರ್ಚೀಲಿ ಬೆನ್ನು ಬಾಗಿಲಿಗೆ ಹಾಕ್ಕೊಂಡು ಮೂರು ದಿನ ಅದನ್ನೇ ನೋಡ್ತಾ ಕೂತಿದೀರಿ. ಬೇರೇನೋ ಇದೆ."

ಹೊರಗೆ ಮೆಟ್ಟಿಲ ಬಳಿ ಯಾರೋ ನೆಲ ಒರೆಸುತ್ತಿದ್ದರು.

"ಹಿಂದಿನ ದಿನ ಜಗಳ ಆಯ್ತು," ಎಂದಳು. "ಖಾಯಂ ಕೆಲಸ ಹುಡುಕ್ಕೋ, ಇವರ ಅವರ ಕಾರ್ಡ್ ಹಿಡ್ಕೊಂಡು ಎಷ್ಟು ದಿನ ಅಂತ ಶುರು ಮಾಡಿದೆ. ಮಾತಿಗೆ ಮಾತು ಬೆಳೀತು. ಸ್ವಂತ ಹೆಸರು ಇಲ್ದೋನು ಈ ಹೊಸ್ತಿಲು ತುಳೀಬೇಡ ಅಂದೆ. ನಾನೇ ಅಂದೆ. ಬೆಳಿಗ್ಗೆ ಎದ್ದು ಬಾರು ಹೊಲಿದು ಕೊಟ್ಟೆ, ನಕ್ಕೊಂಡೇ ಹೋದ. ಹೋದವನು ಬರಲಿಲ್ಲ."

"ಓಡಿಹೋದ ಅಂದ್ರು ಜನ."

"ಹೌದು. ಬೆಂಕೀಲಿ ಹೋದ ಅಂದ್ರೆ ಅದು ಬೆಂಕಿ. ಓಡಿಹೋದ ಅಂದ್ರೆ ಅದು ನನ್ನ ಮಾತು." ಅವಳ ದನಿ ನಡುಗಲಿಲ್ಲ, ತಲೆಯೊಳಗೆ ಸಾವಿರ ಸಲ ಹೇಳಿಕೊಂಡ ಮಾತು ಅದು. "ಹನ್ನೊಂದು ವರ್ಷ ಮೇಡಂ. ತಮ್ಮ ಸತ್ತಿದಾನೆ ಅಂತ ಗೊತ್ತಾದ್ರೆ ಸಮಾಧಾನ ಆಗುತ್ತೆ ಅಂತ ಕಾಯ್ತಾ ಇರೋ ಅಕ್ಕ ನಾನು. ಎಂಥ ಅಕ್ಕ ನೋಡಿ."

ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟೆ. ನನ್ನ ಕಚೇರಿಗೆ ಇಂಥವರು ಬರುತ್ತಿದ್ದರು. ಕೊಡೆ ಕಳೆದಿದೆ, ಟಿಫನ್ ಡಬ್ಬಿ ಕಳೆದಿದೆ ಎಂದು ಬಂದು ಬೇರೇನನ್ನೋ ಹುಡುಕುವವರು. ಅವರಿಗೆ ಹೇಳಲು ಏನೂ ಕಲಿತಿಲ್ಲ ನಾನು. ಪಕ್ಕದಲ್ಲಿ ಕೂರುವುದನ್ನು ಮಾತ್ರ ಕಲಿತಿದ್ದೇನೆ.

"ಮನೇಲಿ ಯಾರಿದಾರೆ?"

"ಅಮ್ಮ. ಕಣ್ಣು ಕಾಣಿಸಲ್ಲ ಈಗ. ಅವನ ಹಳೇ ಜೊತೆ ಮಂಚದ ಕೆಳಗಿಟ್ಟಿದಾರೆ, ಬಂದಾಗ ಬೇಕಾಗುತ್ತೆ ಅಂತ. ದಿನಾ ಕೈಯಾಡಿಸಿ ನೋಡ್ತಾರೆ. ನಾನು ಎಡದ್ದು ತಂದುಬಿಟ್ಟೆನಲ್ಲ, ಅವತ್ತೇ ಗೊತ್ತಾಯ್ತು. ಎಲ್ಲೇ ಇನ್ನೊಂದು ಅಂದ್ರು. ರಿಪೇರಿಗೆ ಕೊಟ್ಟಿದೀನಿ ಅಂದೆ." ಅವಳು ಹಲಗೆಯ ಕಡೆ ನೋಡಿದಳು. "ಹಾಗಾದ್ರೆ ಅವನು ಬರ್ತಿದಾನೇನೇ ಅಂತ ಕೇಳಿದ್ರು. ಮೂರು ದಿನದಿಂದ ಬಾಗಿಲಲ್ಲೇ ಕೂತಿದಾರೆ."

ಈ ಬಾರಿ ಕಣ್ಣೊರೆಸಿಕೊಂಡವರಲ್ಲಿ ಡೈರೆಕ್ಟರೂ ಒಬ್ಬರು.

"ಬರೆದುಕೊಡಿ ಮೇಡಂ," ಅವಳು ನನ್ನ ಕೈ ಹಿಡಿದಳು. "ಇಪ್ಪತ್ತೇಳು ಅವನದು, ಅವನು ಅವತ್ತು ಅಲ್ಲಿದ್ದ ಅಂತ. ಕೆಲಸ ಹೋದ್ರೆ ಹೋಗ್ಲಿ. ಅವನು ನನ್ನ ಮಾತಿಗೆ ಹೋದವನಲ್ಲ ಅಂತ ಅಷ್ಟು ಗೊತ್ತಾದ್ರೆ ಅಮ್ಮಂಗೆ ನಾನೇ ಹೇಳ್ತೀನಿ."

ಬರೆದುಕೊಡಬಹುದಿತ್ತು. ಎರಡು ಚಪ್ಪಲಿ, ಒಂದು ಪಾದ, ಹಸಿರು ದಾರ. ನನ್ನ ಕಚೇರಿಯಲ್ಲಿ ಇದಕ್ಕಿಂತ ಕಡಿಮೆ ಗುರುತಿಗೆ ಸಾಮಾನು ಬಿಟ್ಟುಕೊಟ್ಟಿದ್ದೇನೆ. ಆದರೆ ಒಂದು ಮುಳ್ಳು ಒಳಗೇ ಉಳಿದಿತ್ತು.

"ಇಪ್ಪತ್ತೇಳಕ್ಕೆ ಹೆಸರಿರೋ ಆ ಕಾರ್ಡಿನವನು ಅವತ್ತು ಕೆಲಸಕ್ಕೆ ಬಂದಿಲ್ಲ ಅಂತಾಯ್ತು," ಎಂದೆ. "ಬಂದಿದ್ರೆ ನಿಮ್ಮ ತಮ್ಮನಿಗೆ ಆ ಕಾರ್ಡು ಸಿಗ್ತಿರಲಿಲ್ಲ. ಕೆಲಸಕ್ಕೇ ಬರದವನು ಅಲ್ಲಿ ಸಾಯೋದು ಹೇಗೆ? ಅವನ ಹೆಸರು ಗೋಡೆ ಮೇಲಿದೆ. ಅವನು ಎಲ್ಲಿ?"

ಇದನ್ನು ಅವಳು ಯೋಚಿಸಿರಲಿಲ್ಲ. ತನ್ನ ನೋವಿನ ಆಚೆ ಇನ್ನೊಬ್ಬ ಮನುಷ್ಯ ನಿಂತಿದ್ದಾನೆಂದು ಆಗಷ್ಟೇ ಹೊಳೆದಂತೆ ಹಲಗೆ ನೋಡಿದಳು.

"ಹೆಂಡತಿ ನಂಬರ್ ಇದೆಯಲ್ಲ ಕಡತದಲ್ಲಿ?"

"ಕೊಟ್ಟವರ ನಂಬರ್ ಹೊರಗಿನವರಿಗೆ ಕೊಡೋ ಹಾಗಿಲ್ಲ ಅತ್ತಿಗೆ."

"ನಂಗೆ ಕೊಡ್ಬೇಡ. ನೀನೇ ಒತ್ತು."

ನಾದಿನಿ ಡೈರೆಕ್ಟರ ಮುಖ ನೋಡಿದಳು. ಅವರು ಕೈಗಡಿಯಾರ ನೋಡಿದರು, ಹಲಗೆ ನೋಡಿದರು, ಕುರ್ಚಿಯಮ್ಮನನ್ನು ನೋಡಿದರು. "ಒತ್ತಿ," ಎಂದರು. "ಕಲಾವಿದರನ್ನ ಹತ್ತು ನಿಮಿಷ ನಾನು ಕೆಳಗೆ ಕೂರಿಸ್ಕೊಳ್ತೀನಿ." ಹೇಳಿ ಮೆಟ್ಟಿಲಿಳಿದು ಹೋದರು.

ನಾವು ಮೂವರೂ ನಾದಿನಿಯ ಕೋಣೆಗೆ ಹೋದೆವು. ಉದ್ದನೆಯ ಬಿಳಿ ಮೇಜು, ಮೇಲೆ ಬ್ರಷ್ಷು, ಭೂತಗನ್ನಡಿ, ಮೂಲೆಯಲ್ಲಿ ಗುಂಯ್‌ಗುಡುವ ಫ್ರೀಜರ್. ಅವಳು ನಂಬರ್ ಒತ್ತಿ ಮೊಬೈಲನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಮೂವತ್ತೊಂದು ವರ್ಷ ರೈಲಿನ ಸದ್ದು ಕೇಳಿದ ನನ್ನ ಎಡಗಿವಿ ಮಂದ, ಫೋನು ಹೀಗೆ ಇಟ್ಟರೇ ನನಗೆ ಕೇಳಿಸುವುದು.

ಫೋನು ರಿಂಗಾಯಿತು. ನಾಲ್ಕು, ಐದು. ಕುರ್ಚಿಯಮ್ಮ ಗೋಡೆಗೊರಗಿ ನಿಂತಿದ್ದಳು. ಆರನೆಯದಕ್ಕೆ ಯಾರೋ ಎತ್ತಿದರು.

"ಹಲೋ."

ಗಂಡಸಿನ ದನಿ. ನಾದಿನಿ ನನ್ನ ತೋಳು ಚಿವುಟಿದಳು. ಗಂಡ ಸತ್ತವಳ ಮನೆಯಲ್ಲಿ ಗಂ‌ಡಸಿನ ದನಿ ಇರಬಾರದೆಂದೇನೂ ಇಲ್ಲ. ಹನ್ನೊಂದು ವರ್ಷವೆಂದರೆ ಕಡಿಮೆಯಲ್ಲ. ಆದರೂ ನಾನು ಮೊಬೈಲಿನ ಕಡೆ ಬಾಗಿದೆ. ಸಿಕ್ಕ ಇಪ್ಪತ್ತೇಳನೆಯವನು ಎಂದುಕೊಂಡೆ.

"ನಮಸ್ಕಾರ. ಮ್ಯೂಸಿಯಮ್ಮಿಂದ ಮಾತಾಡ್ತಿರೋದು," ಎಂದೆ. "ನಿಮ್ಮ ಮನೆಯವರು ನಮಗೊಂದು ಚಪ್ಪಲಿ ಕೊಟ್ಟಿದ್ರು. ಅದರ ಬಗ್ಗೆ ಒಂದೆರಡು ವಿಷಯ ಕೇಳ್ಬೇಕಿತ್ತು."

"ಅವರು ಕೆಲಸಕ್ಕೆ ಹೋಗಿದಾರೆ. ಸಂಜೆ ಮಾಡಿ."

"ಪರವಾಗಿಲ್ಲ, ನಿಮ್ಮನ್ನೇ ಕೇಳ್ತೀನಿ. ಅದರ ಬಾರಿಗೆ ಹೊಲಿಗೆ ಹಾಕಿದೆ, ಹಸಿರು ದಾರದ್ದು. ಅದನ್ನ ಯಾರು ಹಾಕಿದ್ದು ಅಂತ ನಿಮಗೆ ಗೊತ್ತಾ?"

ಆ ಕಡೆ ಎಲ್ಲೋ ಪಾತ್ರೆಯ ಸದ್ದು, ನಲ್ಲಿಯ ನೀರಿನ ಸದ್ದು. ಆಮೇಲೆ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ಯಾಕೆ ಕೇಳ್ತಿದೀರಿ?" ಆ ದನಿ ಹೇಳಿತು.

ಪಕ್ಕದಲ್ಲಿ ಏನೋ ಬಿದ್ದಂತಾಗಿ ತಿರುಗಿದೆ. ಕುರ್ಚಿಯಮ್ಮ ಗೋಡೆಯಿಂದ ಜಾರಿ ನೆಲದ ಮೇಲೆ ಕೂತಿದ್ದಳು. ನಾದಿನಿ ಹಿಡಿಯಲು ಹೋದರೆ ಅವಳ ಕೈಯನ್ನು ತಳ್ಳಿ, ಮೊಣಕಾಲಿನ ಮೇಲೆ ತೆವಳಿಕೊಂಡು ಮೇಜಿನ ಹತ್ತಿರ ಬಂದಳು. ಅವಳ ಮುಖದಲ್ಲಿ ಹನ್ನೊಂದು ವರ್ಷದ ಅಳು ಮತ್ತು ಸಿಟ್ಟು ಎರಡೂ ಒಟ್ಟಿಗೆ ಬಂದು ಯಾವುದು ಮೊದಲೆಂದು ಗೊತ್ತಾಗದೆ ನಿಂತಿದ್ದವು.

"ನಾನು ಕಣೋ," ಎಂದಳು ಫೋನಿಗೆ. "ಹೊಲಿದಿದ್ದು ನಾನು."

ಆ ಕಡೆಯವನು ಫೋನಿಡುತ್ತಾನೆಂದುಕೊಂಡೆ. ಇಡಲಿಲ್ಲ. ಅವನು ಉಸಿರಾಡುವುದು ನನ್ನ ಮಂದ ಕಿವಿಗೂ ಕೇಳಿಸುತ್ತಿತ್ತು.

"ಬದುಕಿದೀಯಾ," ಎಂದಳು ಅವಳು. ಪ್ರಶ್ನೆಯಂತಿರಲಿಲ್ಲ ಅದು. "ಅವರ ಮನೇಲಿ ಏನ್ ಮಾಡ್ತಿದೀಯೋ ನೀನು? ಅವರ ಗಂಡ ಎಲ್ಲಿ?"

"ಅಕ್ಕ," ಎಂದಿತು ಫೋನು.

ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟವನು ಹೇಗೋ ಬದುಕಿ ಬಂದಿದ್ದ, ಮನೆಗೆ ಮಾತ್ರ ಬಂದಿರಲಿಲ್ಲ. ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು, ಡೈರೆಕ್ಟರು ಯಾರನ್ನೋ ಬನ್ನಿ ಬನ್ನಿ ಎನ್ನುತ್ತಿದ್ದರು.

"ಅಕ್ಕ, ಅಮ್ಮಂಗೆ ಹೇಳ್ಬೇಡ," ಎಂದು ಅವನು ಫೋನಿಟ್ಟ.